ನೆಲ್ಲಿಕಾಯಿಗೆ ಇಂಗ್ಲಿಷಿನಲ್ಲಿ ಏನು ರುಚಿ?

ಶಾಲೆಯ ಗೇಟಿನ ಎದುರು ಗೋಣಿತಾಟು ಹಾಸಿಕೊಂಡು, ಉಪ್ಪು-ಖಾರ ಸವರಿದ ನೆಲ್ಲಿಕಾಯಿ ಮಾರುವ ಅಜ್ಜಿಯರು ಈಗ ಕಡಿಮೆಯಾಗಿದ್ದಾರೆ. ಆದರೂ ನೆಲ್ಲಿಕಾಯಿ ಕಚ್ಚಿದಾಗ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ಕನ್ನಡದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲು ಹುಳಿ. ಅದರ ಬೆನ್ನಿಗೇ ಒಗರು. ನಾಲಿಗೆ ದಪ್ಪವಾದಂತೆ, ಕೆನ್ನೆಯ ಒಳಭಾಗ ಬಿಗಿದುಕೊಂಡಂತೆ. ಆಮೇಲೆ ಒಂದು ಲೋಟ ನೀರು ಕುಡಿದರೆ ಆ ನೀರೇ ಸಿಹಿ. ಇಷ್ಟನ್ನೂ ಎಂಟು ವರ್ಷದ ಹುಡುಗ ಕನ್ನಡದಲ್ಲಿ ಸರಾಗವಾಗಿ ಹೇಳುತ್ತಾನೆ. ಅದೇ ಹುಡುಗ ಹತ್ತನೇ ತರಗತಿಗೆ ಬಂದು, ನೆಲ್ಲಿಕಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಕುಳಿತರೆ ‘ಗೂಸ್‌ಬೆರಿ ಈಸ್ ಸೌರ್ ಅಂಡ್ ಟೇಸ್ಟಿ’ ಎಂದು ಬರೆದು ಪೆನ್ನು ಕೆಳಗಿಡುತ್ತಾನೆ.

ಒಗರು ಎಲ್ಲಿ ಹೋಯಿತು? ನಿಘಂಟು ತೆರೆದರೆ ‘ಆಸ್ಟ್ರಿಂಜೆಂಟ್’ ಎಂಬ ಪದ ಸಿಗುತ್ತದೆ. ಆದರೆ ಮಕ್ಕಳು ಆ ಪದವನ್ನು ಎಲ್ಲಾದರೂ ನೋಡಿದ್ದರೆ ಅದು ಮುಖಕ್ಕೆ ಹಚ್ಚುವ ಲೋಷನ್ನಿನ ಬಾಟಲಿಯ ಮೇಲೆ. ಅದಕ್ಕೂ ನೆಲ್ಲಿಕಾಯಿಗೂ ಏನು ಸಂಬಂಧ ಎಂದು ಯಾರೂ ಹೇಳಿರುವುದಿಲ್ಲ. ಇನ್ನು ‘ಗೂಸ್‌ಬೆರಿ’ಯಾದರೋ ಇಂಗ್ಲೆಂಡಿನಲ್ಲಿ ಬೇರೆಯೇ ಹಣ್ಣು. ಅದರ ಕುಲಕ್ಕೂ ನಮ್ಮ ನೆಲ್ಲಿಯ ಕುಲಕ್ಕೂ ನಂಟಿಲ್ಲ. ಹೆಸರೂ ಸಾಲದ್ದು, ರುಚಿಯೂ ಅರ್ಧ. ಮಕ್ಕಳ ಇಂಗ್ಲಿಷ್ ದುರ್ಬಲ ಎಂದು ಪಾಲಕರು ಪೇಚಾಡುತ್ತಾರೆ. ನಿಜವಾಗಿ ಇಲ್ಲಿ ಕೊರತೆ ಮಕ್ಕಳದ್ದಲ್ಲ. ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದ ಎಂದು ಗೀಟು ಎಳೆದು ಜೋಡಿಸುವ ಅಭ್ಯಾಸ ರುಚಿಯ ವಿಷಯದಲ್ಲಿ ಕೈಕೊಡುತ್ತದೆ. ಎರಡು ಭಾಷೆಗಳೂ ನಾಲಿಗೆಯನ್ನು ಬೇರೆ ಬೇರೆ ರೀತಿಯಲ್ಲಿ ಪಾಲು ಮಾಡಿಕೊಂಡಿವೆ.

ಆರೋ, ಐದೋ?

ಆಯುರ್ವೇದದ ಲೆಕ್ಕದಲ್ಲಿ ರಸಗಳು ಆರು: ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ. ಕನ್ನಡದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇಂಗ್ಲಿಷ್ ವಿಜ್ಞಾನ ಪುಸ್ತಕಗಳಲ್ಲಿ ಬಹುಕಾಲ ನಾಲ್ಕೇ ಇದ್ದವು: ಸ್ವೀಟ್, ಸೌರ್, ಸಾಲ್ಟಿ, ಬಿಟರ್. ಐದನೆಯದು ಜಪಾನಿನಿಂದ ಬಂತು. 1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಅವರು ಕಡಲಪಾಚಿಯ ಸಾರಿನಲ್ಲಿ ಈ ನಾಲ್ಕಕ್ಕೂ ಸೇರದ ರುಚಿಯೊಂದಿದೆ ಎಂದು ಕಂಡುಕೊಂಡು ಅದಕ್ಕೆ ‘ಉಮಾಮಿ’ ಎಂದು ಹೆಸರಿಟ್ಟರು. ಚೆನ್ನಾಗಿ ಹಣ್ಣಾದ ಟೊಮೆಟೊ, ಅಣಬೆ, ಹಳೆಯ ಚೀಸ್ ಇವುಗಳಲ್ಲಿ ಬಾಯಿ ತುಂಬುವ ಆ ರುಚಿಯೇ ಅದು. ಪಶ್ಚಿಮದ ವಿಜ್ಞಾನಿಗಳು ಇದನ್ನು ಪೂರ್ತಿಯಾಗಿ ಒಪ್ಪಲು ಶತಮಾನವೇ ಹಿಡಿಯಿತು. 2000ದ ಆಸುಪಾಸಿನಲ್ಲಿ ನಾಲಿಗೆಯ ಮೇಲೆ ಅದಕ್ಕೆಂದೇ ಇರುವ ಗ್ರಾಹಕಗಳು ಪತ್ತೆಯಾದ ಮೇಲೆ ವಾದ ನಿಂತಿತು. ಇಂಗ್ಲಿಷ್ ತನ್ನ ಬಳಿ ಪದವಿಲ್ಲದ್ದರಿಂದ ಜಪಾನಿ ಪದವನ್ನೇ ಹಾಗೆಯೇ ಎತ್ತಿಕೊಂಡಿತು.

ಹಾಗಾದರೆ ಖಾರ ಮತ್ತು ಒಗರು? ಇಂದಿನ ಶರೀರಶಾಸ್ತ್ರ ಇವೆರಡನ್ನೂ ರುಚಿಯ ಪಟ್ಟಿಯಿಂದ ಹೊರಗಿಡುತ್ತದೆ. ಅವು ಸ್ಪರ್ಶಕ್ಕೆ, ನೋವಿಗೆ ಸೇರಿದ ಅನುಭವಗಳು ಎನ್ನುತ್ತದೆ. ಹಾಗೆಂದು ನಮ್ಮ ಹಿರಿಯರು ತಪ್ಪಿದರು ಎನ್ನಬೇಕಾಗಿಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ಖಾರವನ್ನೂ ಒಗರನ್ನೂ ರುಚಿಗಳ ಸಾಲಿನಲ್ಲೇ ಎಣಿಸಿದ್ದ. ಬಾಯಿಗೆ ಬಿದ್ದದ್ದನ್ನೆಲ್ಲ ಬಾಯಿಯೇ ಹೇಳುವಾಗ ರುಚಿ ಯಾವುದು, ಸ್ಪರ್ಶ ಯಾವುದು ಎಂದು ತಿನ್ನುವವನು ಬೇರ್ಪಡಿಸುವುದಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ, ಅಂಚುಗಳಿಗೆ ಹುಳಿ ಎಂದು ಬಣ್ಣ ಬಳಿದ ನಾಲಿಗೆಯ ನಕ್ಷೆಯನ್ನು ತಂದೆತಾಯಿಯರು ತಮ್ಮ ಕಾಲದಲ್ಲಿ ಬಾಯಿಪಾಠ ಮಾಡಿರಬಹುದು. ಅದು ತಪ್ಪು. 1901ರಲ್ಲಿ ಡೇವಿಡ್ ಹೇನಿಗ್ ಎಂಬ ಜರ್ಮನ್ ಸಂಶೋಧಕ ಕಂಡ ಅಲ್ಪಸ್ವಲ್ಪ ವ್ಯತ್ಯಾಸವನ್ನು ನಂತರದವರು, ಮುಖ್ಯವಾಗಿ 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್, ಹಿಗ್ಗಿಸಿ ತೋರಿಸಿದ್ದರಿಂದ ಹುಟ್ಟಿದ ನಕ್ಷೆ ಅದು. ನಾಲಿಗೆಯ ಮೇಲೆ ರುಚಿಮೊಗ್ಗು ಇರುವ ಎಲ್ಲ ಕಡೆಯೂ ಎಲ್ಲ ರುಚಿ ತಿಳಿಯುತ್ತದೆ. ಅನುಮಾನವಿದ್ದವರು ಒಂದು ಹರಳು ಉಪ್ಪನ್ನು ಬೇರೆ ಬೇರೆ ಕಡೆ ಇಟ್ಟು ನೋಡಬಹುದು.

ಒಗರಿನ ಬಿಗಿತ

ಲೋಷನ್ ಬಾಟಲಿಯ ವಿಷಯಕ್ಕೆ ಬರೋಣ. ‘ಆಸ್ಟ್ರಿಂಜೆಂಟ್’ ಪದದ ಮೂಲ ಲ್ಯಾಟಿನ್. ಬಿಗಿದು ಕಟ್ಟುವುದು ಎಂಬುದು ಅದರ ಅರ್ಥ. ಮುಖಕ್ಕೆ ಹಚ್ಚಿದ ದ್ರವ ಚರ್ಮವನ್ನು ಬಿಗಿಯುತ್ತದೆ, ನೆಲ್ಲಿಕಾಯಿ ಬಾಯಿಯ ಒಳಗನ್ನು ಬಿಗಿಯುತ್ತದೆ. ಇಷ್ಟು ತಿಳಿದರೆ ಪದ ಮರೆಯುವುದಿಲ್ಲ. ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಪದಾರ್ಥ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ. ಆಗ ಜೊಲ್ಲಿನ ಜಾರುಗುಣ ಹೋಗಿ ನಾಲಿಗೆ ಒರಟಾಗುತ್ತದೆ. ಚರ್ಮ ಹದ ಮಾಡುವವರು ಮರದ ತೊಗಟೆಯನ್ನು ಬಳಸುತ್ತಿದ್ದುದೂ ಇದೇ ಟ್ಯಾನಿನ್ನಿಗಾಗಿ. ಅಲ್ಲಿ ಅದು ತೊಗಲಿನ ಪ್ರೋಟೀನನ್ನು ಹಿಡಿಯುತ್ತದೆ. ಕಡು ಚಹಕ್ಕೆ ಹಾಲು ಬೆರೆಸಿದೊಡನೆ ಒಗರು ಇಳಿಯುವುದೇಕೆಂದರೆ ಹಾಲಿನ ಪ್ರೋಟೀನು ಜೊಲ್ಲಿನ ಬದಲು ತಾನೇ ಸಿಕ್ಕಿಬೀಳುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಕೆಂಪು ರಸಕ್ಕೆ ‘ಚೊಗರು’ ಎನ್ನುತ್ತಾರಲ್ಲ, ಅದೂ ಇದೇ ಬಳಗ.

ಇಷ್ಟಾದರೂ ಇಂಗ್ಲಿಷಿನವರ ಊಟದ ಮನೆಯಲ್ಲಿ ‘ಆಸ್ಟ್ರಿಂಜೆಂಟ್’ ಎಂಬ ಪದ ಕೇಳಿಸುವುದು ಅಪರೂಪ. ಅದು ಪುಸ್ತಕದ ಪದ, ಚಹ ಮತ್ತು ವೈನ್ ಪರೀಕ್ಷಿಸುವವರ ಪದ. ಸಾಮಾನ್ಯರು ‘ಇಟ್ ಮೇಕ್ಸ್ ಮೈ ಮೌತ್ ಪಕರ್’ ಎನ್ನುತ್ತಾರೆ, ಬಾಯಿ ಸುಕ್ಕುಗಟ್ಟುತ್ತದೆ ಎಂದಂತೆ. ಅಥವಾ ‘ಇಟ್ ಡ್ರೈಸ್ ದ ಮೌತ್’ ಎನ್ನುತ್ತಾರೆ. ಒಂದು ಪದ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು ವಾಕ್ಯದಲ್ಲಿ ಹೇಳುವುದು ಅವಮಾನವಲ್ಲ, ಅದೇ ಸಹಜ ಇಂಗ್ಲಿಷ್. ಮೂರಕ್ಷರದ ‘ಒಗರು’ ಇರುವ ಕನ್ನಡ ಈ ಒಂದು ವಿಷಯದಲ್ಲಿ ಶ್ರೀಮಂತ ಭಾಷೆ.

ಖಾರಾಬಾತಿನ ಖಾರ

ಬೆಂಗಳೂರಿನ ಹೋಟೆಲುಗಳ ‘ಖಾರಾಬಾತ್’ ಅನ್ನು ಯಾರಾದರೂ ಪದಶಃ ಇಂಗ್ಲಿಷಿಗೆ ತಂದರೆ ‘ಹಾಟ್ ಬಾತ್’ ಆಗಿ, ತಿಂಡಿಗೆ ಬಂದವರು ಟವೆಲು ಹುಡುಕಬೇಕಾದೀತು! ತಮಾಷೆ ಇರಲಿ. ಖಾರಾಬಾತಿನಲ್ಲಿ ಕಣ್ಣೀರು ಬರಿಸುವಷ್ಟು ಖಾರವೇನೂ ಇರುವುದಿಲ್ಲ. ಕೇಸರಿಬಾತಿನಂತೆ ಸಿಹಿಯಲ್ಲ ಎಂಬುದಷ್ಟೇ ಅಲ್ಲಿನ ‘ಖಾರ’ದ ಅರ್ಥ. ಬೇಕರಿಯ ಖಾರಾ ಬನ್ನು, ಖಾರಾ ಬಿಸ್ಕತ್ತು, ಅಂಗಡಿ ಬೋರ್ಡಿನ ‘ಸ್ವೀಟು-ಖಾರ’ ಎಲ್ಲವೂ ಹೀಗೆಯೇ. ಈ ಖಾರಕ್ಕೆ ಇಂಗ್ಲಿಷಿನಲ್ಲಿ ಒಪ್ಪುವ ಪದ ‘ಸೇವರಿ’. ಮೆಣಸಿನಕಾಯಿಯ ಖಾರಕ್ಕೆ ‘ಹಾಟ್’ ಅಥವಾ ‘ಸ್ಪೈಸಿ’. ಸಾಸಿವೆ, ಶುಂಠಿ, ಹಸಿ ಈರುಳ್ಳಿಯ ಮೂಗಿಗೇರುವ ಘಾಟಿಗೆ ‘ಪಂಜೆಂಟ್’. ಒಂದೇ ಕನ್ನಡ ಪದ, ಆ ಕಡೆ ನಾಲ್ಕು ಬಾಗಿಲು.

‘ಸ್ಪೈಸಿ’ಯಲ್ಲೂ ಒಂದು ಎಡವಟ್ಟಿದೆ. ಏಲಕ್ಕಿ, ಲವಂಗ, ಚಕ್ಕೆ ಹಾಕಿದ ಸಿಹಿ ಕೇಕನ್ನು ಇಂಗ್ಲಿಷಿನವರು ‘ಸ್ಪೈಸ್ಡ್’ ಎನ್ನುತ್ತಾರೆ. ಅದರಲ್ಲಿ ಖಾರದ ಸುಳಿವೇ ಇಲ್ಲ. ಮಸಾಲೆಯ ಪರಿಮಳ ಬೇರೆ, ಮೆಣಸಿನಕಾಯಿಯ ಉರಿ ಬೇರೆ. ಹಾಗೆಯೇ ‘ದಿಸ್ ಸೂಪ್ ಈಸ್ ಟೂ ಹಾಟ್’ ಎಂದರೆ ಬಿಸಿ ಹೆಚ್ಚೋ ಖಾರ ಹೆಚ್ಚೋ ಎಂಬುದು ಹೇಳಿದವರ ಮುಖ ನೋಡಿಯೇ ತಿಳಿಯಬೇಕು. ಗೊಂದಲವಾಗದಿರಲು ಬಡಿಸುವವರು ‘ಹಾಟ್ ಆ್ಯಸ್ ಇನ್ ಟೆಂಪರೇಚರ್, ಆರ್ ಸ್ಪೈಸಿ?’ ಎಂದು ಕೇಳುವುದುಂಟು.

ಬಿಸಿಗೂ ಖಾರಕ್ಕೂ ಒಂದೇ ಪದ ಇಟ್ಟುಕೊಂಡದ್ದು ಇಂಗ್ಲಿಷಿನ ಬಡತನ ಎಂದು ಕನ್ನಡಿಗರು ನಗುವುದುಂಟು. ಆದರೆ 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಕಂಡುಹಿಡಿದ ವಿಷಯ ಸ್ವಾರಸ್ಯಕರವಾಗಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಪದಾರ್ಥ ನರತಂತುಗಳ ಯಾವ ಗ್ರಾಹಕವನ್ನು ತಟ್ಟುತ್ತದೋ, ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಬಿಸಿಯೂ ಅದನ್ನೇ ತಟ್ಟುತ್ತದೆ. ಮಿದುಳಿಗೆ ಎರಡೂ ಒಂದೇ ದೂರು: ಬಾಯಿ ಸುಡುತ್ತಿದೆ! ಈ ಶೋಧದ ಹಾದಿಯಲ್ಲೇ 2021ರಲ್ಲಿ ಜೂಲಿಯಸ್ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಬಂತು. ಅಂದರೆ ‘ಹಾಟ್’ ಎಂದವರು ಅರಿಯದೆಯೇ ನಿಜ ನುಡಿದಿದ್ದರು. ಖಾರ ತಿಂದವರು ನೀರು ಕುಡಿದರೆ ಉರಿ ಇಳಿಯದು, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು ಒಳ್ಳೆಯದು.

ಖಾರ ಅಳೆಯುವ ಸ್ಕೋವಿಲ್ ಮಾನವೂ ಮೂಲದಲ್ಲಿ ನಾಲಿಗೆಯ ಮಾನವೇ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಮೆಣಸಿನಕಾಯಿಯ ಸತ್ವವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತಾ ಹೋಗಿ, ಎಷ್ಟು ಪಟ್ಟು ತೆಳುವಾದಾಗ ಖಾರ ತಿಳಿಯದಾಗುತ್ತದೆ ಎಂದು ಜನರಿಂದ ಹೇಳಿಸಿದ. ಬಣ್ಣಕ್ಕೆ ಹೆಸರಾಗಿ, ಖಾರದಲ್ಲಿ ಸೌಮ್ಯವಾಗಿರುವ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಇಂಗ್ಲಿಷಿನಲ್ಲಿ ‘ಮೈಲ್ಡ್’ ಎನ್ನಬೇಕು. ‘ಲೆಸ್ ಹಾಟ್’ ಎಂದರೆ ತಪ್ಪಲ್ಲ, ಆದರೆ ಮಾರುಕಟ್ಟೆಯ ಭಾಷೆ ಅದಲ್ಲ.

ಸಪ್ಪೆ ಊಟದ ಚೀಟಿ

ಪದ ತಪ್ಪಾದರೆ ಅಂಕ ಹೋಗುತ್ತದೆ, ಅಷ್ಟೇ ತಾನೇ ಎನ್ನುವವರು ಆಸ್ಪತ್ರೆಯ ಚೀಟಿಯನ್ನು ನೆನೆಯಬೇಕು. ಹೊಟ್ಟೆಯ ತೊಂದರೆಯಿಂದ ಮನೆಗೆ ಹೊರಟ ರೋಗಿಯ ಚೀಟಿಯಲ್ಲಿ ‘ಬ್ಲ್ಯಾಂಡ್ ಡಯಟ್’ ಎಂದಿರುತ್ತದೆ. ಮನೆಯಲ್ಲಿ ಇಂಗ್ಲಿಷ್ ಓದಿದವನೆಂದರೆ ಪಿಯುಸಿಯ ಮಗ. ಅವನು ನಿಘಂಟು ನೋಡಿ ‘ಸಪ್ಪೆ’ ಎನ್ನುತ್ತಾನೆ. ಕನ್ನಡದ ಮನೆಯಲ್ಲಿ ಸಪ್ಪೆ ಎಂದರೆ ಮೊದಲು ಹೊಳೆಯುವುದು ಉಪ್ಪಿಲ್ಲದ್ದು. ಉಪ್ಪು ಬಿಟ್ಟು, ಹುಳಿ-ಕರಿದದ್ದು ಎಂದಿನಂತೆ ಬಡಿಸಿದರೆ ವೈದ್ಯರ ಉದ್ದೇಶ ತಲೆಕೆಳಗಾಯಿತು! ‘ಬ್ಲ್ಯಾಂಡ್’ ಪದದ ಲ್ಯಾಟಿನ್ ಮೂಲಕ್ಕೆ ಮೃದು, ನಯ ಎಂಬ ಅರ್ಥ. ವೈದ್ಯರ ಬಾಯಲ್ಲಿ ಅದು ಖಾರ, ಹುಳಿ, ಎಣ್ಣೆ ಕಡಿಮೆಯಿರುವ, ಹೊಟ್ಟೆಯನ್ನು ಕೆರಳಿಸದ ಮೆತ್ತನೆಯ ಊಟ. ರಕ್ತದೊತ್ತಡದವರಿಗೆ ಹೇಳುವ ಉಪ್ಪು ಕಡಿಮೆಯ ಪಥ್ಯ ಬೇರೆ. ಅದಕ್ಕೆ ‘ಲೋ ಸಾಲ್ಟ್’ ಅಥವಾ ‘ಲೋ ಸೋಡಿಯಂ’ ಎಂದೇ ಬರೆಯುತ್ತಾರೆ. ಎರಡಕ್ಕೂ ನಮ್ಮಲ್ಲಿ ‘ಸಪ್ಪೆ’ ಎಂಬ ಒಂದೇ ಮಾತಿರುವುದರಿಂದ ಕೇಳಿ ತಿಳಿದುಕೊಳ್ಳುವುದು ಜಾಣತನ.

ಸಪ್ಪೆ ಕಾಫಿ ಎಂದರೆ ಮತ್ತೆ ಬೇರೆ. ಅದು ಸಕ್ಕರೆಯಿಲ್ಲದ ಕಾಫಿ, ‘ಅನ್‌ಸ್ವೀಟನ್ಡ್’. ಸಪ್ಪೆ ಮುಖ, ಸಪ್ಪೆ ಭಾಷಣಗಳಿಗೆ ‘ಡಲ್’, ‘ಇನ್ಸಿಪಿಡ್’. ಇನ್ನು ಸಾರಿಗೆ ಉಪ್ಪು ಸಾಲದು ಎನ್ನಲು ‘ಸಾಲ್ಟ್ ಈಸ್ ಲೆಸ್’ ಎನ್ನುವುದು ನಮ್ಮ ಇಂಗ್ಲಿಷ್. ಆ ನಾಡಿನವರು ‘ಇಟ್ ನೀಡ್ಸ್ ಸಾಲ್ಟ್’ ಎನ್ನುತ್ತಾರೆ. ಸಿಹಿನೀರು ಬಾವಿಯ ನೀರು ‘ಸ್ವೀಟ್’ ಅಲ್ಲ, ‘ಫ್ರೆಶ್ ವಾಟರ್’. ಉಪ್ಪುನೀರಿನ ಬಾವಿಯದು ‘ಬ್ರ್ಯಾಕಿಶ್’.

ಮೂಗು ಮುಚ್ಚಿ ನೋಡಿ

‘ಟೇಸ್ಟ್’ ಮತ್ತು ‘ಫ್ಲೇವರ್’ ಎರಡಕ್ಕೂ ನಾವು ರುಚಿ ಎಂದುಬಿಡುತ್ತೇವೆ. ವ್ಯತ್ಯಾಸ ತಿಳಿಯಲು ಮೂಗನ್ನು ಬಿಗಿಯಾಗಿ ಹಿಡಿದು ಒಂದು ಏಲಕ್ಕಿಪೆಪ್ಪರಮೆಂಟು ಬಾಯಿಗೆ ಹಾಕಿಕೊಳ್ಳಬೇಕು. ಸಿಹಿ ತಿಳಿಯುತ್ತದೆ, ಏಲಕ್ಕಿ ತಿಳಿಯುವುದಿಲ್ಲ. ಮೂಗು ಬಿಟ್ಟೊಡನೆ ಏಲಕ್ಕಿ ಬಂದು ಕೂರುತ್ತದೆ. ನಾಲಿಗೆ ಹೇಳಿದ್ದು ‘ಟೇಸ್ಟ್’. ಮೂಗು ಅದಕ್ಕೆ ಸೇರಿಸಿದ್ದು ಕೂಡಿ ‘ಫ್ಲೇವರ್’. ಈ ಎರಡನೆಯ ಪದದ ಹಳೆಯ ಫ್ರೆಂಚ್ ಮೂಲಕ್ಕೆ ವಾಸನೆ ಎಂದೇ ಅರ್ಥ. 2020ರಲ್ಲಿ ಕೊರೋನಾ ತಗುಲಿದವರು ‘ರುಚಿಯೇ ಗೊತ್ತಾಗುತ್ತಿಲ್ಲ’ ಎಂದಾಗ, ಅವರಲ್ಲಿ ಬಹಳ ಜನರಿಗೆ ಹೋಗಿದ್ದದ್ದು ಮೂಗು. ಉಪ್ಪು-ಸಿಹಿ ಗುರುತಿಸಲು ಅನೇಕರಿಗೆ ಬರುತ್ತಿತ್ತು. ಹೀಗಾಗಿ ವೈದ್ಯರು ಸಕ್ಕರೆ ಸಿಹಿ ಎನಿಸುತ್ತದೆಯೇ, ಸೋಪಿನ ವಾಸನೆ ಬರುತ್ತದೆಯೇ ಎಂದು ಬಿಡಿಸಿ ಕೇಳಬೇಕಾಗುತ್ತಿತ್ತು.

ಇಂಗ್ಲಿಷಿನ ರುಚಿಪದಗಳ ಹುಟ್ಟನ್ನು ನೋಡಿದರೆ ಅವುಗಳಲ್ಲಿ ಬಹಳಷ್ಟು ಸ್ಪರ್ಶದ ಮನೆಯಿಂದ ಬಂದವು. ‘ಟೇಸ್ಟ್’ ಎಂದರೆ ಮೊದಲು ಮುಟ್ಟಿ ನೋಡುವುದು. ‘ಬಿಟರ್’ ಕಚ್ಚುವುದಕ್ಕೆ ಸಂಬಂಧಿಸಿದ ಪದ, ‘ಬೈಟ್’ನ ದಾಯಾದಿ. ‘ಪಂಜೆಂಟ್’ ಚುಚ್ಚುವುದು. ‘ಟ್ಯಾಂಗಿ’ಯ ಮೂಲದಲ್ಲಿರುವುದು ಚೂಪಾದ ಮೊನೆ. ನಮ್ಮ ‘ಖಾರ’ವೂ ತಿರುಗಾಡಿ ಬಂದ ಪದವೇ. ಅದು ಸಂಸ್ಕೃತದ ಕ್ಷಾರದಿಂದ ಬಂದದ್ದು; ಹಿಂದಿಯವರಿಗೆ ‘ಖಾರಾ ಪಾನಿ’ ಎಂದರೆ ಉಪ್ಪುನೀರು. ಶಾಸ್ತ್ರದಲ್ಲಿ ಕಟು ಎಂದರೆ ಖಾರ, ಅದರಿಂದ ಹುಟ್ಟಿದ ಹಿಂದಿಯ ‘ಕಡವಾ’ ಎಂದರೆ ಕಹಿ, ಕನ್ನಡದ ಕಟುಸತ್ಯ ಕಿವಿಗೆ ಯಾವ ರುಚಿಯೋ! ಭಾಷೆ ದಾಟುವಾಗ ರುಚಿ ಬದಲಾಗುವುದು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ.

ಕಾಫಿ ತೋಟದವರ ನಾಲಿಗೆ

ಹುಳಿಯ ಕಥೆ ಕಾಫಿಯ ಜೊತೆಗೆ ಹೇಳಿದರೆ ಚೆನ್ನ. ನಿಂಬೆಹಣ್ಣು ‘ಸೌರ್’. ಮಾವಿನಕಾಯಿ ‘ಟಾರ್ಟ್’. ಬಾಯಲ್ಲಿ ನೀರೂರಿಸುವ ಹುಣಸೆ ಗೊಜ್ಜು ‘ಟ್ಯಾಂಗಿ’. ‘ಸೌರ್ ಮಿಲ್ಕ್’ ಎಂದರೆ ಕೆಟ್ಟ ಹಾಲು. ಹೊಗಳುವಾಗ ‘ಟ್ಯಾಂಗಿ’, ದೂರುವಾಗ ‘ಸೌರ್’ ಎನ್ನುವುದು ಸಾಮಾನ್ಯ. ಕಾಫಿಯ ಲೋಕದಲ್ಲಿ ಈ ಭೇದಕ್ಕೆ ಬೆಲೆ ಕಟ್ಟುತ್ತಾರೆ. ಅಲ್ಲಿ ‘ಅಸಿಡಿಟಿ’ ಎಂದರೆ ಹೊಟ್ಟೆಯುರಿಯಲ್ಲ, ಪ್ರಶಂಸೆ. ಅರೇಬಿಕಾದ ಚುರುಕಾದ, ಹಣ್ಣಿನಂಥ ಹುಳಿಗೆ ‘ಬ್ರೈಟ್’ ಎನ್ನುತ್ತಾರೆ. ಅದೇ ‘ಸೌರ್’ ಎಂದರೆ ದೋಷ. ಹಣ್ಣು ಅತಿಯಾಗಿ ಹುದುಗಿದೆ ಎಂಬ ಅನುಮಾನ. ಬಾಯಲ್ಲಿ ತೂಕವೆನಿಸುವುದು ‘ಬಾಡಿ’.

ಕರ್ನಾಟಕ ದೇಶದ ಕಾಫಿಯಲ್ಲಿ ಹೆಚ್ಚುಪಾಲನ್ನು ಬೆಳೆಯುವ ರಾಜ್ಯ. ಹಿಂದೆ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿದರೆ ಮುಗಿಯುತ್ತಿತ್ತು. ಎಲ್ಲರ ಬೀಜವೂ ಬೆರೆತ ಮೇಲೆ ಯಾರ ತೋಟದ್ದು ಎಂಥ ರುಚಿ ಎಂದು ಕೇಳುವವರಿರಲಿಲ್ಲ. 1992ರಿಂದ ಸಡಿಲವಾಗುತ್ತಾ ಬಂದ ಈ ವ್ಯವಸ್ಥೆ 1996ರಲ್ಲಿ ಕೊನೆಗೊಂಡು, ಬೆಳೆಗಾರ ನೇರವಾಗಿ ಮಾರುವಂತಾಯಿತು. ಅಂದಿನಿಂದ ತನ್ನ ಕಾಫಿ ಹೇಗಿದೆ ಎಂದು ಹೇಳಿಕೊಳ್ಳುವುದು ಅವನ ಕೆಲಸವೂ ಆಯಿತು. ‘ಸ್ಟ್ರಾಂಗ್’, ‘ಗುಡ್’ ಎಂದರೆ ವಿದೇಶದ ಖರೀದಿದಾರನಿಗೆ ಏನೂ ಹೇಳಿದಂತಾಗದು. ಮಂಗಳೂರಿನ ಕಡೆ ಮಳೆಗಾಲದ ತೇವದ ಗಾಳಿಗೆ ಒಡ್ಡಿ ತಯಾರಿಸುವ ‘ಮಾನ್ಸೂನ್ಡ್ ಮಲಬಾರ್’ ಕಾಫಿಯನ್ನೇ ನೋಡಿ. ಬೀಜ ಉಬ್ಬಿ ಹೊಂಬಣ್ಣವಾಗುತ್ತದೆ, ಹುಳಿ ಇಳಿಯುತ್ತದೆ, ‘ಬಾಡಿ’ ಏರುತ್ತದೆ. ಬೇರೆ ಕಾಫಿಯಲ್ಲಿ ತೇವದ ಗೋದಾಮಿನ ವಾಸನೆಗೆ ‘ಮಸ್ಟಿ’ ಎಂದು ಬೆಲೆ ಕಡಿಯುವವರೇ ಇದರ ಮಣ್ಣಿನ ಛಾಯೆಗೆ ‘ಅರ್ತಿ’ ಎಂದು ಮೆಚ್ಚಿ ಕೊಳ್ಳುತ್ತಾರೆ.

ಕಾಫಿ ಪರೀಕ್ಷೆಯ ಕೋಣೆಯಲ್ಲಿ ಅಮ್ಮಂದಿರು ಗದರುವ ಕೆಲಸವೇ ನಿಯಮ. ಚಮಚದಿಂದ ‘ಸುರ್ರ್’ ಎಂದು ಜೋರಾಗಿ ಹೀರಬೇಕು. ಹಾಗೆ ಹೀರಿದರೆ ಹನಿಗಳು ಬಾಯಿಯೆಲ್ಲ ಚಿಮ್ಮಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ. ಇದನ್ನೇ ವೃತ್ತಿಯಾಗಿ ಕಲಿಯಬಯಸುವ ವಿಜ್ಞಾನ ಪದವೀಧರರಿಗಾಗಿ ಬೆಂಗಳೂರಿನ ಕಾಫಿ ಮಂಡಳಿ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಾ ಬಂದಿದೆ. ಮೈಸೂರಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ ಆಹಾರದ ರುಚಿ-ವಾಸನೆಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ವಿಭಾಗವಿದೆ.

ಈ ವೃತ್ತಿಯವರು ಪದ ಕಲಿಯುವ ಬಗೆ ವಿದ್ಯಾರ್ಥಿಗಳಿಗೆ ಉಪಯುಕ್ತ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ ಅವರು ವೈನಿನ ವಾಸನೆಯ ಪದಗಳನ್ನು ಒಂದು ಚಕ್ರದಲ್ಲಿ ಜೋಡಿಸಿದರು. ‘ಎಲಿಗೆಂಟ್’ ಎಂಬಂಥ ಬಾಯಿಮಾತಿನ ಹೊಗಳಿಕೆಗೆ ಅದರಲ್ಲಿ ಜಾಗವಿರಲಿಲ್ಲ. ಒಂದೊಂದು ಪದಕ್ಕೂ ಒಂದೊಂದು ವಸ್ತು. ಲೋಟದ ಸಾದಾ ವೈನಿನಲ್ಲಿ ಲವಂಗವನ್ನೋ ದೊಣ್ಣೆಮೆಣಸಿನಕಾಯಿಯ ಚೂರನ್ನೋ ನೆನೆಸಿ, ಇದಕ್ಕೆ ಈ ಪದ ಎಂದು ಮೂಸಿ ಕಲಿಯಬೇಕು. ಕಾಫಿಗೂ 1995ರಲ್ಲಿ ಇಂಥ ಚಕ್ರ ಬಂತು, 2016ರಲ್ಲಿ ಪರಿಷ್ಕಾರವಾಯಿತು. ಆದರೆ ಅದರಲ್ಲಿ ‘ಬ್ಲ್ಯಾಕ್‌ಬೆರಿ’, ‘ಮೇಪಲ್ ಸಿರಪ್’ ಇವೆ. ಚಿಕ್ಕಮಗಳೂರಿನ ಮಗುವಿಗೆ ಬ್ಲ್ಯಾಕ್‌ಬೆರಿ ಎಂದರೆ ಅಪ್ಪನ ಹಳೆಯ ಫೋನು. ಪದ ಬಾಯಿಪಾಠವಾದರೂ ಬಾಯಿಗೆ ಬಾರದು.

ಆದ್ದರಿಂದ ಮನೆಯ ಅಡುಗೆಕೋಣೆಯ ಶೆಲ್ಫಿನಿಂದಲೇ ಶುರು ಮಾಡುವುದು ಸುಲಭ. ಭಾನುವಾರ ತಟ್ಟೆಯೊಂದರಲ್ಲಿ ಹುಣಸೆ, ಮೆಂತ್ಯ, ಹಸಿ ಬಾಳೆಕಾಯಿಯ ಚೂರು, ಶುಂಠಿ, ಬೆಲ್ಲ, ಹುಳಿಮಜ್ಜಿಗೆ, ನೇರಳೆಹಣ್ಣು ಇಡಬಹುದು. ಮಕ್ಕಳು ಮೊದಲು ಕನ್ನಡದಲ್ಲಿ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ, ‘ಟೇಸ್ಟಿ’, ‘ನೈಸ್’ ಎರಡನ್ನೂ ಬಳಸದೆ. ಮೆಂತ್ಯ ‘ಬಿಟರ್’. ಬಾಳೆಕಾಯಿ ‘ಆಸ್ಟ್ರಿಂಜೆಂಟ್’. ನೇರಳೆ ಮೊದಲು ‘ಸ್ವೀಟ್’, ಆಮೇಲೆ ಬಾಯಿ ಒಣಗಿಸುವುದು. ಹಳೆಯ ಕೊಬ್ಬರಿಯ ಕಮಟು ‘ರ್‍ಯಾನ್ಸಿಡ್’. ಹುರಿದ ಶೇಂಗಾದ್ದು ‘ನಟಿ’. ಅತಿ ಸಿಹಿಯಾಗಿ ಮುಖ ಹೊಡೆಯುವ ಜಿಲೇಬಿಗೆ ‘ಕ್ಲಾಯಿಂಗ್’ ಎಂಬ ಪದ ಸೊಗಸಾಗಿ ಒಪ್ಪುತ್ತದೆ. ತಂದೆತಾಯಿಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ತಟ್ಟೆಯಲ್ಲಿರುವುದು ಏನೆಂದು ಅವರಿಗೆ ಮಕ್ಕಳಿಗಿಂತ ಚೆನ್ನಾಗಿ ಗೊತ್ತು.

ಕೊನೆಗೆ ತಟ್ಟೆಯಲ್ಲಿ ನೆಲ್ಲಿಕಾಯಿ ಉಳಿಯುತ್ತದೆ. ‘ಇಟ್ ಈಸ್ ಸೌರ್ ಅಟ್ ಫಸ್ಟ್, ದೆನ್ ಇಟ್ ಪಕರ್ಸ್ ದ ಮೌತ್’ ಎಂಬಲ್ಲಿಗೆ ಹುಡುಗ ಬಂದಿದ್ದಾನೆ. ಒಗರು ಸಿಕ್ಕಿತು. ಇನ್ನು ಮೇಲೆ ಕುಡಿದ ನೀರಿನ ಸಿಹಿಗೆ? ‘ಆಫ್ಟರ್‌ಟೇಸ್ಟ್’ ಎಂಬ ಪದವಿದೆ, ಆದರೆ ಅದು ತಿಂದದ್ದರ ರುಚಿ ಬಾಯಲ್ಲಿ ಉಳಿಯುವುದಕ್ಕೆ. ಇಲ್ಲಿ ಸಿಹಿಯಾದದ್ದು ನೀರು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿಲ್ಲ, ಕನ್ನಡದಲ್ಲೂ ಇಲ್ಲ. ‘ದ ವಾಟರ್ ಟೇಸ್ಟ್ಸ್ ಸ್ವೀಟ್ ಆಫ್ಟರ್ ಇಟ್’ ಎಂದು ಹುಡುಗ ಪೂರ್ತಿ ವಾಕ್ಯವನ್ನೇ ಬರೆಯಬೇಕು.